ಇಂಗ್ಲಿಷ್ ಬಂತು, ಕಾಲೇಜು ತಪ್ಪಿತು

ಹುಡುಗ ಎತ್ತರವಾಗಿದ್ದಾನೆ, ಬಾಸ್ಕೆಟ್‌ಬಾಲ್ ಚೆನ್ನಾಗಿ ಆಡುತ್ತಾನೆ, ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿ ಎಂದು ಪಿ.ಟಿ. ಮೇಷ್ಟ್ರು ಹೇಳಿದರೆ, ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಆಟದ್ದಲ್ಲ, ಭಾಷೆಯದು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಬೇರೆ ಭಾಷೆಯವರ ನಡುವೆ ಹೇಗೆ ಬದುಕೀತು? ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡದಾಗಿ ಎದುರಿಸಿದ ಒಬ್ಬ ಹಳ್ಳಿ ಹುಡುಗ ಭಾರತದಲ್ಲಿದ್ದಾನೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡವೊಂದು ತನ್ನ ವಾರ್ಷಿಕ ಆಯ್ಕೆಯಲ್ಲಿ ಆರಿಸಿಕೊಂಡ ಮೊದಲ ಭಾರತೀಯ ಸತ್ನಾಮ್ ಸಿಂಗ್ ಭಮಾರಾ. ಅವರ ಆಟಕ್ಕಿಂತ ಓದಿನ ಕಥೆಯನ್ನು ನಮ್ಮ ಪೋಷಕರು ತಿಳಿಯಬೇಕು.

ಸತ್ನಾಮ್ ಹುಟ್ಟಿದ್ದು 1995ರ ಡಿಸೆಂಬರ್ 10ರಂದು, ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಬಲಬೀರ್ ಸಿಂಗ್ ರೈತ, ಹಿಟ್ಟಿನ ಗಿರಣಿಯನ್ನೂ ನಡೆಸುತ್ತಿದ್ದರು. ಅವರೇ ಏಳು ಅಡಿಗೂ ಮೀರಿದ ಎತ್ತರ. ನೀನು ಬಾಸ್ಕೆಟ್‌ಬಾಲ್ ಆಡಬೇಕು ಎಂದು ಅವರಿಗೂ ಊರವರು ಹೇಳಿದ್ದರಂತೆ, ಆದರೆ ಮನೆಯವರು ಹೊಲ ಬಿಟ್ಟು ಕಳಿಸಲಿಲ್ಲ. ಮಗನ ವಿಷಯದಲ್ಲಿ ಹಾಗಾಗಬಾರದೆಂದು ಹುಡುಗನನ್ನು ಲುಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಕಲಿಸುತ್ತಿದ್ದವರು ದಕ್ಷಿಣ ಭಾರತದವರಾದ ಎಸ್. ಸುಬ್ರಮಣಿಯನ್. ಪಂಜಾಬಿ ಹುಡುಗರಿಗೆ ದಕ್ಷಿಣದ ಗುರು! ಮೈದಾನದಲ್ಲಿ ಭಾಷೆಯ ಗಡಿ ಅಷ್ಟು ಗಟ್ಟಿಯಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಹುಡುಗನ ಕಾಲಿಗೆ ಸರಿಹೊಂದುವ ಶೂ ಸಿಗುವುದೇ ಅಲ್ಲಿ ದೊಡ್ಡ ತಲೆನೋವಾಗಿತ್ತು.

2010ರಲ್ಲಿ ಐಎಂಜಿ-ರಿಲಯನ್ಸ್ ವಿದ್ಯಾರ್ಥಿವೇತನ ಸಿಕ್ಕಿ ಸತ್ನಾಮ್ ಅಮೆರಿಕದ ಫ್ಲೋರಿಡಾ ರಾಜ್ಯದ ಬ್ರಾಡೆಂಟನ್‌ನಲ್ಲಿರುವ ಐಎಂಜಿ ಅಕಾಡೆಮಿಗೆ ಹೋದರು. ವಯಸ್ಸು ಇನ್ನೂ ಹದಿನಾಲ್ಕು, ಎತ್ತರ ಏಳು ಅಡಿಯ ಆಸುಪಾಸು. ಇಂಗ್ಲಿಷ್ ಇಲ್ಲವೇ ಇಲ್ಲ ಎನ್ನಬೇಕು. ಕೋಚ್ ಹೇಳಿದ್ದನ್ನು ಇನ್ನೊಬ್ಬರು ತಿಳಿಸಿ ಹೇಳಬೇಕಿತ್ತು. ಆದರೂ ಐದು ವರ್ಷದಲ್ಲಿ ಇಂಗ್ಲಿಷ್ ಬಂತು. ಜೊತೆಯ ಹುಡುಗರೊಡನೆ ಬೆರೆತು, ದಿನವೂ ಕಿವಿಗೆ ಬಿದ್ದು ಬಂತು. ಪತ್ರಕರ್ತರ ಪ್ರಶ್ನೆಗಳಿಗೆ ತಾನೇ ಉತ್ತರಿಸುವಷ್ಟು ಬಂತು.

ತರಗತಿಯ ಓದು ಮಾತ್ರ ಹಾಗೆ ತಾನಾಗಿ ಬರಲಿಲ್ಲ. ಅಮೆರಿಕದಲ್ಲಿ ಎನ್‌ಬಿಎಗೆ ಹೋಗುವ ಹುಡುಗರ ರಾಜಮಾರ್ಗ ಕಾಲೇಜು ತಂಡ. ಆ ತಂಡಗಳಲ್ಲಿ ಆಡಬೇಕಾದರೆ ಎತ್ತರ ಸಾಲದು. ಹೈಸ್ಕೂಲಿನಲ್ಲಿ ನಿಗದಿತ ವಿಷಯಗಳನ್ನು ಓದಿ ನಿಗದಿತ ಅಂಕ ಪಡೆದಿರಬೇಕು, ಆಗ ಪ್ರವೇಶ ಪರೀಕ್ಷೆಯ ಅಂಕವೂ ಬೇಕಿತ್ತು. ಆ ಅರ್ಹತೆ ಸತ್ನಾಮ್‌ಗೆ ದಕ್ಕಲಿಲ್ಲ. ಕಾಲೇಜಿನ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ನೇರವಾಗಿ ಎನ್‌ಬಿಎ ಆಯ್ಕೆಗೆ ಹೆಸರು ಕೊಡುವುದು. 60 ಆಟಗಾರರನ್ನು ಆರಿಸಿದ ಆ ವರ್ಷದ ಪಟ್ಟಿಯಲ್ಲಿ, 2015ರ ಜೂನ್ 25ರಂದು ಡಲ್ಲಾಸ್ ಮೇವರಿಕ್ಸ್ ತಂಡ 52ನೆಯವರಾಗಿ ಅವರನ್ನು ಆರಿಸಿತು. ದೇಶದ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಸಂಭ್ರಮ ಸರಿಯೇ. ಆದರೆ ಕಾಲೇಜಿನ ಮೂರು ನಾಲ್ಕು ವರ್ಷಗಳಲ್ಲಿ ಹದವಾಗಬೇಕಿದ್ದ ಆಟ ಹಸಿಯಾಗಿಯೇ ದೊಡ್ಡ ಕಣಕ್ಕೆ ಹೋಯಿತು ಎಂಬುದನ್ನು ಹೇಳಿದವರು ಕಡಿಮೆ.

ಮುಂದಿನದು ಬೇಗ ಮುಗಿಯುತ್ತದೆ. ಎರಡು ಋತು ಕೆಳಹಂತದ ಲೀಗ್‌ನ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿದ್ದರು. ಹೆಚ್ಚಿನ ಹೊತ್ತು ಬೆಂಚಿನ ಮೇಲೆ. 2015-16ರಲ್ಲಿ ಆ ಲೀಗ್‌ನ ಅತಿ ಹೆಚ್ಚಿನ ಸಂಬಳವೇ ಋತುವಿಗೆ 25 ಸಾವಿರ ಡಾಲರ್ ಆಸುಪಾಸು, ಅಮೆರಿಕದ ಖರ್ಚಿಗೆ ಅದು ಏನೇನೂ ಅಲ್ಲ. ಎನ್‌ಬಿಎಯ ನಿಜವಾದ ಲೀಗ್ ಪಂದ್ಯ ಒಂದನ್ನೂ ಅವರು ಆಡಲಿಲ್ಲ. ಭಾರತ ತಂಡಕ್ಕೆ ಆಡಿದರು, ಕೆನಡಾದಲ್ಲೂ ಆಡಿದರು. 2019ರ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿ ಎರಡು ವರ್ಷ ನಿಷೇಧಕ್ಕೆ ಒಳಗಾದರು. ಈಗ ಅವರು ಅಮೆರಿಕದಲ್ಲಿ ವೃತ್ತಿಪರ ಕುಸ್ತಿಪಟು.

ನಮ್ಮ ಪಕ್ಕದ ಬೆಂಗಳೂರಿನ ಸಂಜನಾ ರಮೇಶ್ ಕಾಲೇಜಿನ ದಾರಿಯಲ್ಲೇ ಹೋದವರು. ಎನ್‌ಬಿಎ ಅಕಾಡೆಮಿಯ ಮಹಿಳಾ ತರಬೇತಿಯಲ್ಲಿ ಪಳಗಿದ ಅವರು 2019ರಲ್ಲಿ ಕ್ರೀಡಾ ವಿದ್ಯಾರ್ಥಿವೇತನದೊಡನೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿದರು. ಆಟ ಕೈಕೊಟ್ಟರೂ ಪದವಿ ಉಳಿಯುವ ದಾರಿ ಅದು. ಭಾರತದಲ್ಲೇ ಉಳಿಯುವ ಆಟಗಾರರಿಗೂ ಓದು ಬೇಕು. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಲೀಗ್‌ಗಳು ಶುರುವಾಗಿ ನಿಂತಿರುವುದೇ ಹೆಚ್ಚು. ಅನ್ನ ಕೊಡುವುದು ರೈಲ್ವೆ, ಬ್ಯಾಂಕುಗಳ ಕ್ರೀಡಾ ಕೋಟಾ ಕೆಲಸ. 2021ರಲ್ಲಿ ಪದ್ಮಶ್ರೀ ಪಡೆದ ಚೆನ್ನೈನ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯ ಉದ್ಯೋಗಿಯಾಗಿಯೇ ದೇಶಕ್ಕೆ ಆಡಿದವರು. ಕೋಟಾ ಕೆಲಸಕ್ಕೂ ವಿದ್ಯಾರ್ಹತೆ ಕೇಳುತ್ತಾರೆ.

ಹಾಗಾಗಿ ಹಾಸ್ಟೆಲ್ ಅರ್ಜಿ ತುಂಬುವ ಮೊದಲು ಪೋಷಕರು ಕೇಳಬೇಕಾದದ್ದು ಊಟ, ರೂಮಿನ ವಿಚಾರ ಮಾತ್ರ ಅಲ್ಲ. ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರದ ಹಾಸ್ಟೆಲ್ ಸೇರಿದ ಮಗು ಅದೇ ಊರಿನ ಶಾಲೆಗೆ ಹೋಗಬೇಕು. ಗಡಿ ದಾಟಿದ ಒಳನಾಡಿನಲ್ಲಿ ಕನ್ನಡ ಮಾಧ್ಯಮದ ತರಗತಿ ನಿರೀಕ್ಷಿಸುವಂತಿಲ್ಲ. ಮಾತು ಆರು ತಿಂಗಳಲ್ಲಿ ಬಂದೀತು, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ವಿಜ್ಞಾನ, ಸಮಾಜ ಬರೆಯಲು ಅಷ್ಟು ಸಾಲದು. ಆ ಮೊದಲ ವರ್ಷ ಸಂಜೆ ಅಭ್ಯಾಸ ಮುಗಿದ ಮೇಲೆ ಪಾಠ ಹೇಳಿಕೊಡುವವರು ಯಾರು? ಟೂರ್ನಿಯ ದಿನವೇ ಪರೀಕ್ಷೆ ಬಂದರೆ ಮತ್ತೆ ಬರೆಸುತ್ತಾರಾ? ಹತ್ತನೇ ತರಗತಿಯ ವರ್ಷ ಅಭ್ಯಾಸದ ಹೊತ್ತು ಕಡಿಮೆ ಮಾಡುತ್ತಾರಾ? ಕರ್ನಾಟಕದ ಕ್ರೀಡಾ ಶಾಲೆಗಳಲ್ಲಿ ಕನ್ನಡದ ತೊಂದರೆ ಇರದು ಎಂದು ಆ ಕಡೆ ನೋಡುವವರು, ನಮ್ಮ ವಿಳಾಸದ ಮಕ್ಕಳಿಗೆ ಅಲ್ಲಿ ಅವಕಾಶ ಉಂಟೇ ಎಂದು ಮೊದಲು ವಿಚಾರಿಸಲಿ. ಶಾಲಾ ಕ್ರೀಡಾಕೂಟಗಳಲ್ಲಿ ಮಗು ಓದುವ ಶಾಲೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಪರ ಆಡಬೇಕಾಗುತ್ತದೆ. ಶಾಲೆ ಬದಲಿಸುವ ಮುನ್ನ ಪಿ.ಟಿ. ಮೇಷ್ಟ್ರ ಜೊತೆ ಹೆಡ್‌ಮಾಸ್ಟರನ್ನೂ ಕೂರಿಸಿಕೊಂಡು ಮಾತಾಡಿ.