ಮನೆಯೊಳಗಿನ ಶಾಲೆ

ಶಿಕ್ಷಣವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಾಲೆ. ಗಂಟೆಯ ಸದ್ದು, ಸಾಲುಸಾಲಾದ ಬೆಂಚುಗಳು, ಕಪ್ಪುಹಲಗೆ, ಬಿಡುವಿನ ವೇಳೆಯ ಗದ್ದಲ - ಇವೆಲ್ಲವೂ ನಮಗೆ ಎಷ್ಟು ಸಹಜವಾಗಿವೆಯೆಂದರೆ, ಇವುಗಳನ್ನು ಸಹಿಸಲಾರದ ವಿದ್ಯಾರ್ಥಿಗಳೂ ಇರಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ. ಸ್ವಲೀನತೆ ಅಥವಾ ಆಟಿಸಂ ಎಂಬ ಸ್ಥಿತಿಯುಳ್ಳ ಮಕ್ಕಳಲ್ಲಿ ಕೆಲವರು ಇಂತಹವರು. ಕಲಿಯುವ ಶಕ್ತಿ ಅವರಲ್ಲಿದೆ. ಆದರೆ ಸಾಮಾನ್ಯ ಶಾಲೆಯ ರೀತಿ ಅವರಿಗೆ ಒಗ್ಗುವುದಿಲ್ಲ. ಅಂತಹ ಕೆಲವರಿಗೆ ಮನೆಯೇ ಶಾಲೆಯಾಗಬೇಕಾಗುತ್ತದೆ. ಅದು ಹೇಗೆ ನಡೆಯುತ್ತದೆ, ಅದರ ಮಿತಿಗಳೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಆಟಿಸಂ ಒಂದು ರೋಗವಲ್ಲ. ಅದು ಮಿದುಳು ಬೆಳೆಯುವ ರೀತಿಯಲ್ಲಿರುವ ಭಿನ್ನತೆ. 1943ರಲ್ಲಿ ಅಮೆರಿಕದಲ್ಲಿದ್ದ ವೈದ್ಯ ಲಿಯೋ ಕ್ಯಾನರ್ ಎಂಬುವರು ಹನ್ನೊಂದು ಮಕ್ಕಳ ವರ್ತನೆಯನ್ನು ವಿವರಿಸಿ, ಇದನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿದರು. ಮರುವರ್ಷ ವಿಯೆನ್ನಾ ನಗರದ ಹ್ಯಾನ್ಸ್ ಆಸ್ಪರ್ಗರ್ ಇಂಥದೇ ಲಕ್ಷಣಗಳನ್ನು ವರ್ಣಿಸಿದರು. ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆಂಬ ತಪ್ಪು ಕಲ್ಪನೆಯು ಬಹುಕಾಲ ಪ್ರಚಲಿತವಾಗಿದ್ದು, ಎಷ್ಟೋ ತಾಯಂದಿರು ಕಣ್ಣೀರಿಡುವಂತಾಯಿತು. ಅದು ನಿರಾಧಾರವೆಂದು ಮುಂದಿನ ಸಂಶೋಧನೆಗಳು ತೋರಿಸಿಕೊಟ್ಟವು. 1979ರಲ್ಲಿ ಇಂಗ್ಲೆಂಡಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್ ಎಂಬ ವಿದುಷಿಯರು ನಡೆಸಿದ ಅಧ್ಯಯನವು ಈ ಸ್ಥಿತಿಗೆ ಹಲವು ರೂಪಗಳುಂಟೆಂಬುದನ್ನು ಸ್ಪಷ್ಟಪಡಿಸಿತು. ಲೋರ್ನಾ ವಿಂಗ್ ಅವರು ಸ್ವತಃ ಇಂತಹ ಮಗಳೊಬ್ಬಳ ತಾಯಿಯಾಗಿದ್ದರು. ಕಾಮನಬಿಲ್ಲಿನಲ್ಲಿ ಒಂದು ಬಣ್ಣವು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂದು ಗೆರೆಯೆಳೆದು ತೋರಿಸಲಾಗದು. ಆಟಿಸಂ ಕೂಡ ಹಾಗೆಯೇ. ಆದುದರಿಂದಲೇ ಅದನ್ನು ವರ್ಣಪಟಲಕ್ಕೆ ಹೋಲಿಸುವರು. ಒಬ್ಬನು ನಿರರ್ಗಳವಾಗಿ ಮಾತನಾಡಬಲ್ಲನು. ಇನ್ನೊಬ್ಬನು ಮಾತನ್ನೇ ಆಡಲಾರನು. ಒಬ್ಬಳು ಗಣಿತದಲ್ಲಿ ಮುಂದಿರಬಹುದು. ಇನ್ನೊಬ್ಬಳಿಗೆ ಬಟ್ಟೆಯ ಗುಂಡಿ ಹಾಕಿಕೊಳ್ಳಲೂ ನೆರವು ಬೇಕಾಗಬಹುದು.

ಆದರೂ ಕೆಲವು ಲಕ್ಷಣಗಳು ಅನೇಕರಲ್ಲಿ ಕಂಡುಬರುತ್ತವೆ. ಎದುರಿನವರ ಮುಖಭಾವವನ್ನೂ ಮಾತಿನ ಒಳಾರ್ಥವನ್ನೂ ಗ್ರಹಿಸುವುದು ಅವರಿಗೆ ಕಷ್ಟ. ದಿನಚರಿಯು ತಟ್ಟನೆ ಬದಲಾದರೆ ಅವರು ಕಳವಳಗೊಳ್ಳುತ್ತಾರೆ. ನಮಗೆ ಅಲ್ಪವೆನಿಸುವ ಸದ್ದು, ಬೆಳಕು, ಸ್ಪರ್ಶಗಳು ಅವರಲ್ಲಿ ಹಲವರಿಗೆ ನೋವನ್ನೇ ಉಂಟುಮಾಡುತ್ತವೆ. ಐವತ್ತು ಮಂದಿ ಒಮ್ಮೆಗೇ ಮಾತನಾಡುವ ಕೊಠಡಿಯು ಅಂತಹವರಿಗೆ ಹೇಗಿರಬಹುದೆಂಬುದನ್ನು ನೀವೇ ಊಹಿಸಿಕೊಳ್ಳಿರಿ.

ಹದಿಹರೆಯದಲ್ಲಿ ಈ ತೊಡಕು ಹೆಚ್ಚುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಗುರುಗಳ ಆಶ್ರಯದಲ್ಲಿದ್ದ ಬಾಲಕನು ಪ್ರೌಢಶಾಲೆಯಲ್ಲಿ ಗಂಟೆಗೊಬ್ಬ ಉಪಾಧ್ಯಾಯರನ್ನು ಎದುರಿಸಬೇಕು. ಗೆಳೆತನಕ್ಕೆ, ಹಾಸ್ಯಕ್ಕೆ, ಸಲಿಗೆಗೆ ಯಾರೂ ಬಾಯಿಬಿಟ್ಟು ಹೇಳದ ನಿಯಮಗಳಿರುತ್ತವೆ. ಅವನ್ನು ಅರಿಯದವನು ಪರಿಹಾಸ್ಯಕ್ಕೆ ಗುರಿಯಾಗುತ್ತಾನೆ. ಇದೇ ಸಮಯದಲ್ಲಿ ದೇಹವೂ ಬದಲಾಗುತ್ತಿರುತ್ತದೆ. ಈ ಎಲ್ಲ ಭಾರದಿಂದ ಕುಗ್ಗಿದ ಮಗುವನ್ನು ಕೆಲವು ತಂದೆತಾಯಿಗಳು ಮನೆಯಲ್ಲಿಯೇ ಓದಿಸಲು ನಿರ್ಧರಿಸುತ್ತಾರೆ.

ಮನೆಯಲ್ಲಿ ಕಲಿಸುವುದೆಂದರೆ ನಡುಮನೆಯಲ್ಲೊಂದು ಕಪ್ಪುಹಲಗೆಯನ್ನು ತೂಗುಹಾಕಿ ಶಾಲೆಯ ಪಾಠವನ್ನೇ ಒಪ್ಪಿಸುವುದೆಂದು ಭಾವಿಸಬಾರದು. ಹದಿನೈದು ವರ್ಷದ ಹುಡುಗನೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಅವನಿಗೆ ಬಸ್ಸುಗಳೆಂದರೆ ಪ್ರಾಣ. ಅದೊಂದು ಹುಚ್ಚೆಂದು ತಳ್ಳಿಹಾಕದೆ, ಜಾಣೆಯಾದ ತಾಯಿಯು ಅದನ್ನೇ ಪಾಠಕ್ಕೆ ದಾರಿಯಾಗಿ ಮಾಡಿಕೊಳ್ಳುತ್ತಾಳೆ. ಬಸ್ಸು ಹೊರಡುವ ವೇಳೆ, ತಲಪುವ ವೇಳೆ, ನಡುವಣ ದೂರ - ಇವುಗಳಿಂದ ವೇಗದ ಲೆಕ್ಕ ಹುಟ್ಟುತ್ತದೆ. ಬೆಂಗಳೂರಿನಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಬಸ್ಸು ಬಯಲನ್ನು ದಾಟಿ, ಶಿರಾಡಿ ಘಟ್ಟವನ್ನಿಳಿದು, ಕರಾವಳಿಯನ್ನು ಸೇರುತ್ತದೆ. ಆ ಒಂದು ದಾರಿಯಲ್ಲಿ ಭೂಮಿಯ ಏರಿಳಿತ, ಮಳೆ, ಬೆಳೆಗಳ ಪಾಠವೆಲ್ಲವೂ ಅಡಗಿದೆ.

ಅಡುಗೆಮನೆಯೂ ಒಂದು ತರಗತಿಯೇ. 'ಅನ್ನ ಮಾಡು' ಎಂಬುದು ನಮಗೆ ಒಂದೇ ಮಾತು. ಅವನಿಗೆ ಅದು ಹತ್ತು ಕೆಲಸಗಳು. ಅಕ್ಕಿಯನ್ನು ಅಳೆಯುವುದು, ತೊಳೆಯುವುದು, ತಕ್ಕಷ್ಟು ನೀರು ಹಾಕುವುದು, ಕುಕ್ಕರಿನ ಮುಚ್ಚಳ ಹಾಕುವುದು, ಕೂಗುಗಳನ್ನು ಎಣಿಸುವುದು - ಹೀಗೆ ಒಂದೊಂದನ್ನೂ ಬಿಡಿಸಿ, ಚಿತ್ರ ಬರೆದೋ ಪಟ್ಟಿ ಮಾಡಿಯೋ ಗೋಡೆಗೆ ಅಂಟಿಸುತ್ತಾರೆ. ಕುಕ್ಕರು ಕೂಗುವುದೆಂದು ಮೊದಲೇ ತಿಳಿಸಿದರೆ ಅವನು ಬೆಚ್ಚುವುದು ಕಡಿಮೆಯಾಗುತ್ತದೆ. ಇಡೀ ದಿನದ ಕಾರ್ಯಕ್ರಮವನ್ನೂ ಹೀಗೆಯೇ ಬರೆದಿಡುತ್ತಾರೆ. ಮುಂದೇನೆಂಬುದು ಕಣ್ಣಿಗೆ ಕಾಣುತ್ತಿದ್ದರೆ ಮನಸ್ಸು ಶಾಂತವಾಗಿರುತ್ತದೆ.

ಅಂಗಡಿಯಿಂದ ಸಾಮಾನು ತರುವುದು ಇನ್ನೊಂದು ಪಾಠ. ಮೊದಲ ವಾರಗಳಲ್ಲಿ ತಂದೆಯು ಜೊತೆಗೇ ಹೋಗುತ್ತಾನೆ. ಅನಂತರ ಅಂಗಡಿಯ ಹೊರಗೆ ನಿಲ್ಲುತ್ತಾನೆ. ಆಮೇಲೆ ಬೀದಿಯ ತಿರುವಿನಲ್ಲಿ. ಕಡೆಗೊಂದು ದಿನ ಹುಡುಗನು ಒಬ್ಬನೇ ಹೋಗಿ, ಚಿಲ್ಲರೆಯನ್ನು ಎಣಿಸಿಕೊಂಡು ಬರುತ್ತಾನೆ. ನೆರವನ್ನು ಕೊಡುವುದೆಷ್ಟು ಮುಖ್ಯವೋ ಅದನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ತೆಗೆದುಕೊಳ್ಳುವುದೂ ಅಷ್ಟೇ ಮುಖ್ಯ. ದೇಹದ ಶುಚಿತ್ವ, ಹೆಣ್ಣುಮಕ್ಕಳ ಮುಟ್ಟಿನ ದಿನಗಳ ಆರೈಕೆ, ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸಬೇಕೆಂಬ ತಿಳಿವಳಿಕೆ, ಒಲ್ಲದ ಸ್ಪರ್ಶವನ್ನು 'ಬೇಡ' ಎನ್ನುವ ಧೈರ್ಯ - ಇವೆಲ್ಲವೂ ಈ ವಯಸ್ಸಿನ ಪಠ್ಯವಿಷಯಗಳೇ.

ಇಂತಹ ಮನೆಪಾಠದ ಪ್ರಸಿದ್ಧ ನಿದರ್ಶನವೊಂದು ನಮ್ಮ ನಾಡಿನಲ್ಲಿಯೇ ಇದೆ. 1989ರಲ್ಲಿ ಜನಿಸಿದ ಟಿಟೋ ಮುಖೋಪಾಧ್ಯಾಯ ಎಂಬ ಬಾಲಕನಿಗೆ ಆಟಿಸಂ ಇತ್ತು. ಮಾತು ಹೆಚ್ಚಾಗಿ ಬರುತ್ತಿರಲಿಲ್ಲ. ತಾಯಿ ಸೋಮಾ ಅವರು ಮೈಸೂರು, ಬೆಂಗಳೂರುಗಳಲ್ಲಿದ್ದಾಗ ಅವನನ್ನು ಎಡೆಬಿಡದೆ ಓದಿಸಿದರು. ಅಕ್ಷರಗಳ ಹಲಗೆಯನ್ನು ಮುಂದಿಟ್ಟು ಒಂದೊಂದಾಗಿ ತೋರಿಸಲು ಕಲಿಸಿದರು. ಅವನು ಕೈಯಿಂದ ಬರೆಯಲೂ ಕಲಿತನು. ಅವನ ಬರೆಹಗಳ ಪುಸ್ತಕವು 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಮುಂದೆ ತಾಯಿ ಮಕ್ಕಳು ಅಮೆರಿಕಕ್ಕೆ ತೆರಳಿದರು. ಸೋಮಾ ಅವರ ವಿಧಾನವನ್ನು ಅಲ್ಲಿ ಇತರ ಮಕ್ಕಳಿಗೂ ಬಳಸತೊಡಗಿದಾಗ ತಜ್ಞರು ಒಂದು ಸಂದೇಹವನ್ನೆತ್ತಿದರು. ಹಲಗೆಯನ್ನು ಬೇರೆಯವರು ಹಿಡಿದಿರುವಾಗ ಮೂಡುವ ಮಾತು ಮಗುವಿನದೋ, ಹಿಡಿದವರದೋ ಎಂಬುದೇ ಆ ಸಂದೇಹ. ಅಲ್ಲಿನ ವಾಕ್‌ತಜ್ಞರ ಸಂಘವು 2018ರಲ್ಲಿ ಈ ವಿಧಾನವನ್ನು ಬಳಸಬಾರದೆಂದು ಸಲಹೆ ನೀಡಿತು. ಈ ವೃತ್ತಾಂತದಿಂದ ಎರಡು ಮಾತುಗಳನ್ನು ಕಲಿಯಬಹುದು. ಮಾತು ಬಾರದವನಿಗೆ ತಿಳಿವಳಿಕೆಯಿಲ್ಲವೆಂದು ತೀರ್ಮಾನಿಸಬಾರದು. ಹಾಗೆಯೇ ನಮ್ಮ ಮಾತನ್ನು ಅವನ ಬಾಯಲ್ಲಿಟ್ಟು ತೃಪ್ತಿಪಡಲೂಬಾರದು.

ಕಾನೂನು ಸಹ ಈ ಮಕ್ಕಳನ್ನು ಮರೆತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯಂತೆ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನು ತನ್ನ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಅಲ್ಲಿ ಎಲ್ಲ ವಿಷಯಗಳನ್ನೂ ಒಮ್ಮೆಗೇ ಬರೆಯಬೇಕೆಂಬ ಕಟ್ಟಳೆಯಿಲ್ಲ. ಐದು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಮುಗಿಸಬಹುದು. ಒಂದು ಮಾತನ್ನು ಮಾತ್ರ ನೆನಪಿಡಬೇಕು. ಮನೆಯಲ್ಲಿ ಕಲಿಯುವುದು ಮಗುವಿಗಿರುವ ಆಯ್ಕೆ. 'ನಿಮ್ಮ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ' ಎಂದು ಬಾಗಿಲು ಮುಚ್ಚುವ ಅಧಿಕಾರವನ್ನು ಅದು ಶಾಲೆಗೆ ಕೊಟ್ಟಿಲ್ಲ.

ಮನೆಯೊಳಗಿನ ಶಾಲೆಗೆ ದೊಡ್ಡದೊಂದು ಅಪಾಯವೂ ಉಂಟು. ಬೆಚ್ಚನೆಯ ಗೂಡು ಕ್ರಮೇಣ ಪಂಜರವಾಗಬಹುದು. ಹುಡುಗನು ತಂದೆತಾಯಿಗಳ ಹೊರತು ಬೇರಾರ ದನಿಯನ್ನೂ ಕೇಳದೆ ಬೆಳೆದರೆ, ಅವರ ಕಾಲಾನಂತರ ಅವನ ಗತಿಯೇನು? ಈ ಚಿಂತೆಯು ಇಂತಹ ತಂದೆತಾಯಿಗಳನ್ನು ಇರುಳೂ ಕಾಡುತ್ತದೆ. ತಾಯಿಯೊಬ್ಬಳೇ ಉದ್ಯೋಗವನ್ನು ತ್ಯಜಿಸಿ, ನೆಂಟರಿಷ್ಟರಿಂದ ದೂರವಾಗಿ, ಈ ಭಾರವನ್ನು ಹೊರುವುದೂ ನ್ಯಾಯವಲ್ಲ. ಆದ್ದರಿಂದ ತಂದೆಯೂ ಅಣ್ಣತಮ್ಮ ಅಕ್ಕತಂಗಿಯರೂ ಕೆಲಸವನ್ನು ಹಂಚಿಕೊಳ್ಳಬೇಕು. ಗ್ರಂಥಾಲಯ, ಉದ್ಯಾನ, ಅಂಚೆ ಕಚೇರಿ, ಸಂತೆ - ಇವೆಲ್ಲವೂ ಅವನ ತರಗತಿಗಳಾಗಬೇಕು. ಮುಂದೇನು ಕಲಿಯಬೇಕೆಂಬುದರಲ್ಲಿ ಅವನ ಇಷ್ಟಕ್ಕೂ ಎಡೆಯಿರಬೇಕು.

ಇಲ್ಲಿ ನಿಮ್ಮ ಪಾಲೂ ಇದೆ. ನಿಮ್ಮ ಬೀದಿಯಲ್ಲಿಯೇ ನಿಮ್ಮ ವಯಸ್ಸಿನ ಇಂತಹ ಹುಡುಗನೋ ಹುಡುಗಿಯೋ ಇರಬಹುದು. ಮುಖ ನೋಡಿ ಮಾತನಾಡಲಿಲ್ಲವೆಂದು ಅವರನ್ನು ಅಹಂಕಾರಿಗಳೆಂದು ತಿಳಿಯಬೇಡಿ. ಕಿವಿ ಮುಚ್ಚಿಕೊಂಡರೆ ನಗಬೇಡಿ. ಸರಳವಾದ ಮಾತಿನಲ್ಲಿ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾಯಿರಿ. ಅವರಿಗೆ ಪ್ರಿಯವಾದ ವಿಷಯವನ್ನು ಕುರಿತು ವಿಚಾರಿಸಿ. ಮನೆಯಲ್ಲಿ ಗಣಿತವನ್ನು ಕಲಿಸಬಹುದು, ಅಡುಗೆಯನ್ನು ಕಲಿಸಬಹುದು. ಗೆಳೆತನವನ್ನು ಮಾತ್ರ ತಂದೆತಾಯಿಗಳು ತಾವೊಬ್ಬರೇ ಕಲಿಸಲಾರರು. ಆ ಪಾಠಕ್ಕೆ ಉಪಾಧ್ಯಾಯರಾಗಿ ಸಮವಯಸ್ಕರಾದ ನೀವೇ ಹೋಗಬೇಕು.