ಖಿನ್ನತೆಗೆ ತಾಯತ ಯಾಕೆ?

ನಿದ್ದೆ ಇಲ್ಲ, ಎದೆ ಭಾರ, ಊಟ ಸೇರಲ್ಲ. ಬೆಂಗಳೂರಿನ ಶಿವಾಜಿನಗರವಾಗಲಿ ಹಲಸೂರಾಗಲಿ, ಮನೆಯವರ ಮೊದಲ ಮಾತು: ‘ದೃಷ್ಟಿ ತಾಗಿದೆ.’ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕ್ತಾರೆ. ಆಮೇಲೆ ದರ್ಗಾದ ತಾಯತ, ಅಮ್ಮನ ಗುಡಿಯ ನಿಂಬೆಹಣ್ಣು.

ಯಾಕೆ? ಅಲ್ಲಿ ಯಾರೂ ‘ಹುಚ್ಚು’ ಅನ್ನಲ್ಲ. ತಪ್ಪು ನಿನ್ನದಲ್ಲ ಅಂತಾರೆ, ಮನೆಮಂದಿ ಎದುರು ಕೂತು ಕಷ್ಟ ಕೇಳ್ತಾರೆ. ಆ ಸಮಾಧಾನ ಸುಳ್ಳಲ್ಲ. ನಿಮ್ಹಾನ್ಸ್ ರೋಗಿಗಳ ಬಗ್ಗೆ 1996ರಲ್ಲಿ ಬಂದ ಅಧ್ಯಯನವೂ ‘ಹುಚ್ಚು’ ಅನ್ನಿಸಿಕೊಳ್ಳುವ ಈ ಅಂಜಿಕೆಯನ್ನೇ ತೋರಿಸಿತು: ಮೈನೋವು ಹೇಳಿಕೊಳ್ಳೋಕೆ ಅಷ್ಟು ಸಂಕೋಚವಿಲ್ಲ, ಮನಸ್ಸಿನ ನೋವಿಗೆ ಮಾತ್ರ ಕಳಂಕದ ಭಯ.

ಆದರೆ ಖಿನ್ನತೆ ಕಾಯಿಲೆ. ಅದಕ್ಕೆ ಔಷಧಿ ಇದೆ, ಆಪ್ತಸಮಾಲೋಚನೆ ಇದೆ. ತಾಯತ ಕೊರಳಲ್ಲೇ ಇರಲಿ. ಎರಡು ವಾರವಾದರೂ ಮಂಕು ಬಿಡದಿದ್ದರೆ ಬೌರಿಂಗ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಸಾಯುವ ಯೋಚನೆ ಬಂದರೆ ಈಗಲೇ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.