ಉಪಗೂಹನದ ಮಿತಿ

ಸೇತುವೆಯೊಂದರ ಅಳತೆ ಪುಸ್ತಕಕ್ಕೆ ಸಹಿ ಹಾಕಬೇಕಾದ ಎಂಜಿನಿಯರರಿಗೆ ಅದರ ಗುತ್ತಿಗೆದಾರ ಭಾವಮೈದುನನಂತೆ ಎಂಬ ಮಾತು ಸಹೋದ್ಯೋಗಿಯ ಕಿವಿಗೆ ಬೀಳುತ್ತದೆ. ಅಳತೆಯಲ್ಲಾಗಲಿ ಕಾಂಕ್ರೀಟಿನಲ್ಲಾಗಲಿ ಕೊರತೆ ಕಂಡಿಲ್ಲ. ಆ ಸಹೋದ್ಯೋಗಿ ಶ್ರಾವಕನಾಗಿದ್ದರೆ, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಉಪಗೂಹನ ಅವನಿಗೆ ನೆನಪಾಗುತ್ತದೆ. ಪರರ ದೋಷವನ್ನು ಬೀದಿಗೆ ತರಬಾರದಷ್ಟೆ, ಸುಮ್ಮನಿರುವುದೇ ಧರ್ಮವಲ್ಲವೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ನಿದರ್ಶನವಾಗಿ ಹೆಸರಿಸುವುದು ಜಿನೇಂದ್ರಭಕ್ತ ಶ್ರೇಷ್ಠಿಯನ್ನು. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನೊಬ್ಬ ಶ್ರೇಷ್ಠಿಯ ಜಿನಾಲಯದ ಛತ್ರದಲ್ಲಿದ್ದ ವೈಡೂರ್ಯವನ್ನು ಕದ್ದು ನಡುರಾತ್ರಿ ಓಡಿದ. ಕಾವಲುಗಾರರು ಅಟ್ಟಿಸಿಕೊಂಡು ಬಂದಾಗ ಶ್ರೇಷ್ಠಿಯನ್ನೇ ಮರೆಹೊಕ್ಕ. ಧರ್ಮಕ್ಕೆ ಕಳಂಕ ತಟ್ಟಬಾರದೆಂದು ಶ್ರೇಷ್ಠಿ, ತಾನೇ ಮಣಿ ತರಿಸಿದ್ದಾಗಿ ಹೇಳಿ ಕಾವಲುಗಾರರನ್ನು ಕಳುಹಿಸಿದ. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಆದರೆ ಅದೇ ರಾತ್ರಿ ಶ್ರೇಷ್ಠಿ ಆ ಕಪಟಿಯನ್ನು ಹೊರಗಟ್ಟಿದ. ಮಾನ ಉಳಿಯಿತು, ಜಿನಾಲಯದ ಕಾವಲು ಮಾತ್ರ ಅವನ ಕೈಯಲ್ಲಿ ಉಳಿಯಲಿಲ್ಲ.

ಇದರ ಮರುಪಕ್ಕವನ್ನು 1971ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದಲ್ಲಿ ಕಾಣಬಹುದು. ಬಾಯ್ಲರಿನಲ್ಲಿ ನೀರು ಇಳಿದಾಗ ಇಂಧನ ನಿಲ್ಲಿಸುವ ಸಾಧನದ ಬಗ್ಗೆ ಸಂಘಕ್ಕೊಂದು ಪ್ರಶ್ನೆ ಬಂತು. ಅದನ್ನು ರೂಪಿಸುವಲ್ಲಿ ಸಂಬಂಧಪಟ್ಟ ಉಪಸಮಿತಿಯ ಅಧ್ಯಕ್ಷ, ಉಪಾಧ್ಯಕ್ಷರ ಕೈಯೇ ಇತ್ತು. ಉಪಾಧ್ಯಕ್ಷರು ಅಂಥ ಸಾಧನ ಮಾರುವ ಕಂಪನಿಯ ಅಧಿಕಾರಿ. ಸಹೋದ್ಯೋಗಿಯ ಹಿತಾಸಕ್ತಿಯನ್ನು ಬಲ್ಲ ಅಧ್ಯಕ್ಷರು ದೂರ ಸರಿಯುವ ಬದಲು ಉತ್ತರವನ್ನೂ ತಾವೇ ಬರೆದರು. ಸಂಘದ ಹೆಸರಿನಲ್ಲಿ ಹೊರಟ ಆ ಪತ್ರವನ್ನು ತೋರಿಸಿ ಪ್ರತಿಸ್ಪರ್ಧಿ ಹೈಡ್ರೊಲೆವೆಲ್ ಕಂಪನಿಯ ಗ್ರಾಹಕರನ್ನು ಹಿಮ್ಮೆಟ್ಟಿಸಲಾಯಿತು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಂಘವನ್ನೇ ಹೊಣೆ ಮಾಡಿತು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೀನಾಧಿಕ ಅಳತೆಯನ್ನು ಅಚೌರ್ಯವ್ರತದ ಅತಿಚಾರವೆಂದೂ ಸುಳ್ಳು ಲೇಖವನ್ನು ಸತ್ಯವ್ರತದ ಅತಿಚಾರವೆಂದೂ ಎಣಿಸುತ್ತಾರೆ. ಅಳತೆ ಪುಸ್ತಕಕ್ಕೆ ಎರಡೂ ಸಲ್ಲುತ್ತವೆ. ಪರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ ಸತ್ಯವ್ರತದ ಅತಿಚಾರಗಳಲ್ಲೇ ಇದೆ. ಕ್ಯಾಂಟೀನಿನಲ್ಲಿ ಪಿಸುಗುಡುವವರು ಅದನ್ನು ಮರೆತಿರುತ್ತಾರೆ. ಕೇಳಿದ್ದು ‘ಇರಬಹುದು’ ಎಂಬಷ್ಟೇ ಆಗಿರುವಾಗ ‘ಇದ್ದೇ ಇದೆ’ ಎನ್ನುವುದು ಅನೇಕಾಂತದ ದೃಷ್ಟಿಗೆ ಒಪ್ಪುವ ಮಾತಲ್ಲ. ‘ಇಲ್ಲವೇ ಇಲ್ಲ’ ಎಂದು ಕಣ್ಮುಚ್ಚುವುದೂ ಅಷ್ಟೇ ಏಕಾಂತ.

ಆದುದರಿಂದ ಶ್ರಾವಕನ ಮೊದಲ ಹೆಜ್ಜೆ ಏಕಾಂತದಲ್ಲಿ ಕೇಳುವುದು, ಅದೂ ಸಹಿ ಬೀಳುವ ಮುನ್ನ. ಸಂಬಂಧ ನಿಜವಾದರೆ ಅದನ್ನು ಮೇಲಧಿಕಾರಿಗೆ ತಾವೇ ಬರೆದು ತಿಳಿಸಿ, ಆ ಕಾಮಗಾರಿಯಿಂದ ಸರಿಯಿರೆಂದು ಒತ್ತಾಯಿಸುವುದು ಸ್ಥಿತಿಕರಣ, ಅಂದರೆ ಜಾರುವವನನ್ನು ದಾರಿಯಲ್ಲಿ ನಿಲ್ಲಿಸುವುದು. ಒಪ್ಪದಿದ್ದರೆ ಮೇಲಧಿಕಾರಿಗೆ ಸಹೋದ್ಯೋಗಿಯೇ ಬರೆಯಬೇಕಾಗುತ್ತದೆ. ಆ ಪತ್ರದಲ್ಲಿ ತಾನು ತಿಳಿದ ಸಂಬಂಧ, ಕಾಮಗಾರಿಯ ಹೆಸರು, ತಾನು ಕೇಳಿದ ದಿನ ಇದ್ದರೆ ಸಾಕು. ‘ಲಂಚ’ ಎಂಬ ಪದ ಅಲ್ಲಿ ಬರಬೇಕಾಗಿಲ್ಲ.